ವಾಕ್ಯದೊಳಗೆ ಅಡಗಿದ ಪ್ರಶ್ನೆ

ಬೋಡಿಮೆಟ್ಟಿನಲ್ಲಿ ನಿಂತು ಮುನ್ನಾರಿನ ಬಸ್ಸನ್ನು ವಿಚಾರಿಸುವಾಗ ‘ವೆನ್ ಡಸ್ ದಿ ಬಸ್ ಲೀವ್?’ ಎನ್ನುತ್ತೇವೆ. ಇದನ್ನೇ ‘ಐ ಡೋಂಟ್ ನೋ’ ಎಂಬುದರ ಬೆನ್ನಿಗೆ ಕಟ್ಟಿದರೆ ‘ಡಸ್’ ಬಿದ್ದುಹೋಗಿ ‘ವೆನ್ ದಿ ಬಸ್ ಲೀವ್ಸ್’ ಎಂದಾಗುತ್ತದೆ. ಪ್ರಶ್ನೆಯೀಗ ಕ್ರಿಯಾಪದದ ಕರ್ಮ. ಅದಕ್ಕೆ ಸಾದಾ ವಾಕ್ಯದ ಪದಕ್ರಮವೇ ಸಾಕು.

ಕನ್ನಡದಲ್ಲಿ ಪದಗಳು ಜಾಗ ಬಿಟ್ಟು ಕದಲುವುದಿಲ್ಲ. ‘ಯಾವಾಗ ಹೊರಡುತ್ತದೋ ಗೊತ್ತಿಲ್ಲ’ ಎಂದು ಒಂದು ‘ಓ’ಕಾರ ಸೇರಿಸಿದರೆ ತೀರಿತು. ನಮ್ಮ ವಿದ್ಯಾರ್ಥಿಗಳು ‘ಡಸ್’ ಬಿಡಲು ಮರೆತು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇದರಿಂದಲೇ. ‘ಬಂತೋ ಇಲ್ಲವೋ’ ಎಂಬ ಸಂಶಯಕ್ಕೆ ‘ವೆದರ್’ ಅಥವಾ ‘ಇಫ್’ ಬೇಕು.

ಎಲ್ಲ ಕ್ರಿಯಾಪದಗಳೂ ಪ್ರಶ್ನೆಯನ್ನು ಹೊರುವುದಿಲ್ಲ. ‘ಆಸ್ಕ್’ ಹೊರುತ್ತದೆ. ‘ನೋ’ ಪ್ರಶ್ನೆಯನ್ನೂ ಹೊರುತ್ತದೆ, ‘ದಟ್’ ವಾಕ್ಯವನ್ನೂ ಹೊರುತ್ತದೆ. ‘ಥಿಂಕ್’ ಸ್ವಲ್ಪ ಹಟಮಾರಿ. ಪ್ರಶ್ನಾಪದವನ್ನು ವಾಕ್ಯದ ತಲೆಗೇ ತಳ್ಳುತ್ತದೆ: ‘ವೆನ್ ಡು ಯು ಥಿಂಕ್ ದಿ ಬಸ್ ಲೀವ್ಸ್?’ ಇಲ್ಲಿನ ‘ಡು’ ಸೇರಿದ್ದು ‘ಥಿಂಕ್’ಗೆ, ‘ಲೀವ್ಸ್’ ತನ್ನ ಪಾಡಿಗೆ ತಾನಿದೆ.