ಕೂತಲ್ಲೇ ಎದೆ ಡವಗುಟ್ಟುವುದೇಕೆ?

ಮೈ ಅಲುಗಾಡಿಸದೆ ಲೆಕ್ಕ ಮಾಡುವಾಗಲೂ ಅಂಗೈ ಬೆವರುತ್ತದಲ್ಲ, ಯಾಕೆ? ಇದು ಓದುಗರೊಬ್ಬರ ಪ್ರಶ್ನೆ.

1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದ್ದನ್ನು ಅಳೆಯಲೆಂದೇ ಒಂದು ಪರೀಕ್ಷೆ ಪ್ರಕಟಿಸಿದರು. ಮೊದಲು ಭಾಷಣ. ಆಮೇಲೆ 1022ರಿಂದ 13 ಕಳೆಯುತ್ತ ಜೋರಾಗಿ ಹೇಳಬೇಕು: 1009, 996, 983... ಒಂದು ತಪ್ಪಿದರೂ ಮತ್ತೆ 1022ಕ್ಕೆ! ಎದುರಿಗೆ ನಗದೆ, ತಲೆಯಾಡಿಸದೆ ಕೂತ ತೀರ್ಪುಗಾರರು.

ಗಮನ ಬಿಗಿಯಾದ ಕೆಲವೇ ಕ್ಷಣಗಳಲ್ಲಿ ನರಮಂಡಲ ಎಚ್ಚೆತ್ತು, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಡುತ್ತದೆ. ನಾಡಿ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಅಂಗೈಯ ಬೆವರಿಗೆ ಕಾರಣ ನೇರವಾಗಿ ನರಗಳೇ.

ಒತ್ತಡದ ಇನ್ನೊಂದು ಹಾರ್ಮೋನ್ ಆದ ಕಾರ್ಟಿಸೋಲ್ ಮಾತ್ರ ನಿಧಾನಿ. ಮೆದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ಅಡ್ರಿನಲ್‌ಗೆ ರಕ್ತದ ಮೂಲಕ ಸಂದೇಶ ಸಾಗಬೇಕು. ಹಾಗಾಗಿ ಪರೀಕ್ಷೆ ಮುಗಿದು ಹತ್ತಿಪ್ಪತ್ತು ನಿಮಿಷವಾದ ಮೇಲೆ ಜೊಲ್ಲಿನಲ್ಲಿ ಅದರ ಮಟ್ಟ ಶಿಖರ ಮುಟ್ಟುತ್ತದೆ.

ಬೆರಗಿನ ಸಂಗತಿ ಇನ್ನೊಂದಿದೆ. 2004ರಲ್ಲಿ 208 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕಾರ್ಟಿಸೋಲನ್ನು ಹೆಚ್ಚು ಏರಿಸುವುದು ಲೆಕ್ಕದ ಕಷ್ಟಕ್ಕಿಂತ, ಕೈಮೀರಿದ ಪರಿಸ್ಥಿತಿಯಲ್ಲಿ ಯಾರೋ ನಮ್ಮನ್ನು ಅಳೆಯುತ್ತಿದ್ದಾರೆಂಬ ಅಳುಕು ಎಂದು ಕಂಡಿತು. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಮಗುವಿಗೆ, ಮನೆಯಲ್ಲಿ ಸಲೀಸಾಗಿ ಬಂದಿದ್ದ ಲೆಕ್ಕವೇ ಅಲ್ಲಿ ಮರೆತುಹೋಗುವುದುಂಟು.