ಪರದೆಯಲ್ಲಿ ಫುಟ್‌ಬಾಲ್, ತಟ್ಟೆಯಲ್ಲಿ ಪಂಜಾಬ್

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆಲ್ಲ ವೆಸ್ಟ್ ಬ್ರಾಮಿಚ್‌ನ ಬೀದಿಗಳಲ್ಲಿ ನೀಲಿ-ಬಿಳಿ ಪಟ್ಟೆಯ ಅಂಗಿಗಳು ಕಾಣಿಸತೊಡಗುತ್ತವೆ. ಬರ್ಮಿಂಗ್‌ಹ್ಯಾಮ್‌ಗೆ ಅಂಟಿಕೊಂಡ ಈ ಊರಿನ ಹಾಥಾರ್ನ್ಸ್ ಕ್ರೀಡಾಂಗಣದಲ್ಲಿ ಮೂರಕ್ಕೆ ಆಲ್ಬಿಯನ್ ತಂಡದ ಪಂದ್ಯ. ಅಲ್ಲಿಯವರೆಗೆ ಜನ ಸೇರುವುದು ಪಬ್ಬುಗಳಲ್ಲಿ. ರೋಬಕ್ ಸ್ಟ್ರೀಟಿನ 'ದಿ ವೈನ್' ಹೊರಗಿನಿಂದ ನೋಡಿದರೆ ಅಂಥದೇ ಒಂದು ಮಾಮೂಲಿ ಪಬ್ಬು. ಇಂಥಲ್ಲಿ ತಿನ್ನಲು ಏನು ಸಿಕ್ಕೀತು? ಚಿಪ್ಸ್ ಪೊಟ್ಟಣ, ಹಂದಿಯ ಚರ್ಮ ಕರಿದ ಸ್ಕ್ರ್ಯಾಚಿಂಗ್ಸ್, ಹೆಚ್ಚೆಂದರೆ ಚೀಸ್-ಈರುಳ್ಳಿ ತುಂಬಿದ ಬನ್ನು. ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಸುಟ್ಟ ಬೆಳ್ಳುಳ್ಳಿಯ ಘಾಟು, ಮಸಾಲೆ ಹಚ್ಚಿದ ಮಾಂಸದ ಹೊಗೆ.

ಇಂಥ ಪಬ್ಬುಗಳನ್ನು ಇಲ್ಲಿ 'ದೇಸಿ ಪಬ್' ಎನ್ನುತ್ತಾರೆ. ಪಕ್ಕದ ಸ್ಮೆಥಿಕ್‌ನಲ್ಲೂ ಇವೆ. ಗೋಡೆಯ ದೊಡ್ಡ ಪರದೆಯ ಮೇಲೆ ಹನ್ನೆರಡೂವರೆಯ ಪಂದ್ಯ ಓಡುತ್ತಿರುತ್ತದೆ. (ಮೂರರ ಪಂದ್ಯಗಳನ್ನು ಆ ಹೊತ್ತಿನಲ್ಲಿ ಬ್ರಿಟನ್ನಿನ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ, ಜನ ಕ್ರೀಡಾಂಗಣಕ್ಕೇ ಬರಲಿ ಎಂದು ಮಾಡಿಕೊಂಡ ಹಳೆಯ ಕಟ್ಟುಪಾಡು.) ಆ ಗದ್ದಲದ ನಡುವೆ ಚುಂಯ್‌ಗುಡುತ್ತ ಬರುತ್ತದೆ ಮಿಕ್ಸೆಡ್ ಗ್ರಿಲ್. ಕಾದ ಕಬ್ಬಿಣದ ತಟ್ಟೆ. ತಳದಲ್ಲಿ ಹಾಸಿದ ಈರುಳ್ಳಿ ಅಂಚಿನಲ್ಲಿ ಕಪ್ಪಾಗಿ ನಡುವೆ ಇನ್ನೂ ಕರುಂ ಎನ್ನುತ್ತದೆ. ಮೇಲೆ ಸೀಖ್ ಕಬಾಬ್, ಕೋಳಿಯ ಟಿಕ್ಕಾ, ಮೂಳೆಯ ಹಿಡಿಯಿರುವ ಕುರಿಯ ಚಾಪ್. ಚಾಪಿನ ಕೊಬ್ಬು ಕರಗಿ ಈರುಳ್ಳಿಗಿಳಿದು, ಹಿಂಡಿದ ನಿಂಬೆರಸದ ಜೊತೆ ಸೇರಿ ತಟ್ಟೆಯ ತಳದಲ್ಲಿ ಒಂದು ಸಾರವಾಗುತ್ತದೆ. ನಾನ್ ಮುರಿದು ಅದನ್ನು ಬಳಿದು ತಿನ್ನಬೇಕು. ಚಾಪಿಗಿಂತ ನನಗೆ ಅದೇ ಹೆಚ್ಚು. ಮೀನಿನ ಪಕೋಡದ ಕಡಲೆಹಿಟ್ಟಿನಲ್ಲಿ ಓಮದ ಕಾಳು ಹಲ್ಲಿಗೆ ಸಿಕ್ಕುತ್ತದೆ. ಪಕ್ಕದ ಮೇಜಿನಲ್ಲಿ ಬಿಳಿಯ ಅಜ್ಜನೊಬ್ಬ ಬೆರಳು ಚೀಪುತ್ತಲೇ ರೆಫ್ರಿಯನ್ನು ಬೈಯುತ್ತಿದ್ದ. ಪೇಟ ಸುತ್ತಿದ ಅವನ ಗೆಳೆಯ ಹಸಿಮೆಣಸು ಕಚ್ಚಿ ಹೌದೆಂದು ತಲೆಯಾಡಿಸುತ್ತಿದ್ದ.

ಇವರಿಬ್ಬರೂ ಒಂದೇ ಮೇಜಿಗೆ ಬರಲು ಬಹಳ ಕಾಲ ಹಿಡಿಯಿತು. ಈ ಸೀಮೆಯ ಎರಕದ ಕಾರ್ಖಾನೆಗಳಿಗೆ ಪಂಜಾಬಿನಿಂದ ಬಂದ ಕಾರ್ಮಿಕರು ದಿನವಿಡೀ ಕುಲುಮೆಯ ಮುಂದೆ ಬೆವರು ಸುರಿಸಿ ಸಂಜೆ ಪಬ್ಬಿಗೆ ಹೋದರೆ, ಎಷ್ಟೋ ಕಡೆ ಒಳಕೋಣೆಯಲ್ಲಿ ಕೂರುವಂತಿರಲಿಲ್ಲ. ಅದು ಬಿಳಿಯರಿಗೆ ಮೀಸಲು. 1965ರ ಫೆಬ್ರವರಿ 12ರಂದು ಸ್ಮೆಥಿಕ್‌ಗೆ ಬಂದ ಅಮೆರಿಕದ ಕಪ್ಪುಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್, ಬ್ಲೂ ಗೇಟ್ಸ್ ಪಬ್ಬಿನಲ್ಲಿ ಈ ತಾರತಮ್ಯವನ್ನು ಕಣ್ಣಾರೆ ಕಂಡರು. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಅವ್ತಾರ್ ಸಿಂಗ್ ಜೋಹಲ್. ಒಂಬತ್ತು ದಿನಗಳ ಬಳಿಕ ನ್ಯೂಯಾರ್ಕಿನಲ್ಲಿ ಮಾಲ್ಕಮ್ ಹತ್ಯೆಯಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಬ್ರಿಟನ್ನಿನಲ್ಲಿ ಆ ವರ್ಷವೇ ಬಂತು.

ಮುಂದೆ ಭಾರತೀಯರೇ ಪಬ್ಬುಗಳನ್ನು ವಹಿಸಿಕೊಂಡರು. ಅಡುಗೆ ಕೆಡದಿರಲು ಕಾರಣವೂ ಇಲ್ಲೇ ಇದೆ ಅನಿಸುತ್ತದೆ. ಬ್ರಿಟನ್ನಿನ ಎಷ್ಟೋ ಕರಿ ಹೋಟೆಲುಗಳು ಗಿರಾಕಿಯ ನಾಲಿಗೆಗೆ ಹೆದರಿ ಖಾರ ಇಳಿಸಿ, ಕೆನೆ ಸುರಿದವು. ಇಲ್ಲಿ ಎದುರು ಕೂತವನು ಪಾಳಿ ಮುಗಿಸಿ ಹಸಿದು ಬಂದ ತಮ್ಮದೇ ಊರಿನವನು. ಚಾಪ್ ಹೇಗಿರಬೇಕೆಂದು ಅವನಿಗೆ ಗೊತ್ತು; ಅವನ ಮುಂದೆ ಕಳ್ಳ ರುಚಿ ನಡೆಯದು. ಆ ಹೊಗೆಯ ಜಾಡು ಹಿಡಿದು ಉಳಿದವರು ಬಂದರು, ಆ ಖಾರವನ್ನೇ ಕಲಿತರು.

ಮಾಂಸ ಒಗ್ಗದ ಕನ್ನಡಿಗರು ಚಿಲ್ಲಿ ಪನೀರ್‌ಗಿಂತ ಮೊದಲು ಮೊಗೊ ತರಿಸಿಕೊಳ್ಳಲಿ. ಮೊಗೊ ಅಂದರೆ ನಮ್ಮ ಮರಗೆಣಸು. ಕೀನ್ಯಾ, ಉಗಾಂಡಗಳಲ್ಲಿ ನೆಲೆಸಿದ್ದ ಭಾರತೀಯರು ಅಲ್ಲಿಂದ ಕಲಿತು ತಂದದ್ದು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಹೊರಗಟ್ಟಿದ ಇಂಥ ಸಾವಿರಾರು ಕುಟುಂಬಗಳು ಬ್ರಿಟನ್ನಿಗೆ ಬಂದವು. ಮೊಗೊವನ್ನು ಬೆರಳುದ್ದ ಸೀಳಿ, ಗರಿಗರಿಯಾಗಿ ಕರಿದು, ಉಪ್ಪು-ಖಾರದಪುಡಿ ಉದುರಿಸಿ, ನಿಂಬೆಹಣ್ಣಿನ ಹೋಳಿನ ಜೊತೆ ಕೊಡುತ್ತಾರೆ. ಆರಿದರೆ ನಾರುನಾರು, ಹಾಫ್‌ಟೈಮಿಗೆ ಕಾಯದೆ ಬಿಸಿಯಿರುವಾಗಲೇ ಮುಗಿಸಬೇಕು.