ಮೂರು ವಾರ ಪಾಠ ಇಲ್ಲ ಅಂದ್ರೆ ಗಾಬರಿ ಯಾಕೆ?

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನನಗೆ ಒಂದೇ ತರಹದ ಫೋನುಗಳು ಶುರುವಾಗುತ್ತವೆ. "ಸಾರ್, ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಫೀಸೂ ಕಟ್ಟಿದ್ದೀವಿ. ಆದ್ರೆ ಕಾಲೇಜಿನವರು ಮೊದಲ ಮೂರು ವಾರ ಪಾಠ ಇಲ್ಲ, ಹಾಡು, ಚಿತ್ರ, ನಾಟಕ ಅಂತಿದ್ದಾರೆ. ಅದು ಮುಗಿದ ಮೇಲೆ ಕಳಿಸಿದ್ರೆ ಆಗಲ್ವಾ?"

ಆಗಲ್ಲ. ಮೊದಲ ದಿನವೇ ಕಳಿಸಿ. ಯಾಕೆ ಅಂತ ಹೇಳ್ತೀನಿ.

ಇದು ಯಾವುದೋ ಒಂದು ಕಾಲೇಜಿನವರು ಕಾಲ ಕಳೆಯೋಕೆ ಹುಟ್ಟುಹಾಕಿದ ಕಾರ್ಯಕ್ರಮ ಅಲ್ಲ. ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ತನ್ನ 2018ರ ಮಾದರಿ ಪಠ್ಯಕ್ರಮದಲ್ಲೇ ಈ ಮೂರು ವಾರಗಳನ್ನು ಸೇರಿಸಿದೆ. ಸ್ಟೂಡೆಂಟ್ ಇಂಡಕ್ಷನ್ ಪ್ರೋಗ್ರಾಂ ಅಂತ ಇದರ ಹೆಸರು. ಉಳಿದ ಪದವಿ ಕಾಲೇಜುಗಳಿಗೆ ಯುಜಿಸಿ 2019ರಲ್ಲಿ ಇಂಥದ್ದೇ ಇನ್ನೊಂದನ್ನು ತಂದಿತು, ಅದು 'ದೀಕ್ಷಾರಂಭ'. ಇದಕ್ಕೆಲ್ಲ ಮಾದರಿ ಎಲ್ಲಿಯದು ಗೊತ್ತಾ? ಐಐಟಿ ಗಾಂಧಿನಗರದಲ್ಲಿ 2011ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಐದು ವಾರಗಳ ಫೌಂಡೇಶನ್ ಪ್ರೋಗ್ರಾಂ ಶುರು ಮಾಡಿದರು. ಮಾಮೂಲಿ ತರಗತಿ ಆ ಐದು ವಾರ ಮುಗಿದ ಮೇಲೆ. ಐಐಟಿಯವರೇ ಐದು ವಾರ ಕೊಟ್ಟರು ಅಂದಮೇಲೆ ನಾವು ಮೂರಕ್ಕೆ ಯಾಕೆ ಬೆಚ್ಚಿಬೀಳಬೇಕು?

ಈ ಮೂರು ವಾರದಲ್ಲಿ ಏನೇನಿರುತ್ತೆ? ಆಟ, ಯೋಗ, ಪುಸ್ತಕ ಓದು, ಸುತ್ತಮುತ್ತಲ ಊರುಗಳ ಭೇಟಿ, ದೊಡ್ಡವರ ಉಪನ್ಯಾಸ, ಮಾನವೀಯ ಮೌಲ್ಯಗಳ ಚರ್ಚೆ ಎಲ್ಲ ಇದೆ. ನಾನು ಇವತ್ತು ಮಾತಾಡೋದು ಅದರಲ್ಲಿರುವ ಕಲೆಯ ಪಾಠದ ಬಗ್ಗೆ. ನಿಯಮ ಸರಳ. ಚಿತ್ರ, ಶಿಲ್ಪ, ಕುಂಬಾರಿಕೆ, ಸಂಗೀತ, ನೃತ್ಯ, ಇವುಗಳಲ್ಲಿ ಪ್ರತಿ ವಿದ್ಯಾರ್ಥಿ ಒಂದನ್ನು ಆರಿಸಿಕೊಳ್ಳಬೇಕು. ಆರಿಸಿಕೊಂಡದ್ದನ್ನು ದಿನಾ ಮಾಡಬೇಕು. ಇವತ್ತು ಕೊಳಲು, ನಾಳೆ ಕುಂಚ ಅಂತ ಹಾರಾಡುವಂತಿಲ್ಲ.

ನಮ್ಮ ಮಕ್ಕಳ ಕಥೆ ನಿಮಗೇ ಗೊತ್ತು. ಎಂಟನೇ ಕ್ಲಾಸಿನವರೆಗೆ ಚಿತ್ರ ಬರೀತಿದ್ದ ಹುಡುಗನ ಬಣ್ಣದ ಡಬ್ಬಿ ಎಸ್‌ಎಸ್‌ಎಲ್‌ಸಿ ಬಂದಾಗ ಅಟ್ಟ ಸೇರಿತು. ಭರತನಾಟ್ಯದ ಗೆಜ್ಜೆ ಪಿಯುಸಿಗೆ ಮೊದಲು ಬೀರು ಸೇರಿತು. ಆಮೇಲೆ ಎರಡು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಮಾಕ್ ಟೆಸ್ಟ್. ತಪ್ಪು ಮಾಡಿದರೆ ಅಂಕ ಹೋಗುತ್ತೆ, ಅಂಕ ಹೋದರೆ ರ‍್ಯಾಂಕ್ ಹೋಗುತ್ತೆ. ತಪ್ಪಿಗೆ ಹೆದರೋದನ್ನೇ ಕಲಿತು ಬಂದ ಮಗು ಅದು. ಇಂಜಿನಿಯರ್ ಆಗೋರು ತಪ್ಪಿಗೆ ಹೆದರಿದರೆ ಹೊಸದನ್ನು ಕಟ್ಟೋದು ಹೇಗೆ? ತಿಗರಿಯ ಮೇಲೆ ಮೊದಲ ಮಡಕೆ ಕುಸಿಯುತ್ತೆ. ಎರಡನೆಯದೂ ಕುಸಿಯುತ್ತೆ. ಯಾರೂ ಅಂಕ ಕಡಿಮೆ ಮಾಡಲ್ಲ. ಅದೇ ಮಣ್ಣನ್ನು ಮತ್ತೆ ಕಲಸಿ ಕೂರಬಹುದು. ಎರಡು ವರ್ಷದ ಆ ಹೆದರಿಕೆ ಸ್ವಲ್ಪವಾದರೂ ಸಡಿಲವಾಗೋದು ಇಲ್ಲಿ.

ಇನ್ನೊಂದು ವಿಷಯ, ನನಗೆ ಇದು ಹೆಚ್ಚು ಮುಖ್ಯ. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು. ಮೊದಲ ದಿನವೇ ಇಂಗ್ಲಿಷ್‌ನಲ್ಲಿ ಪಾಠ ಶುರುವಾದರೆ ಹಿಂದಿನ ಬೆಂಚಿನಲ್ಲಿ ಕೂತುಬಿಡ್ತಾರೆ. ಒಮ್ಮೆ ಹಿಂದೆ ಕೂತವರು ಮುಂದಕ್ಕೆ ಬರೋದು ಕಷ್ಟ. ಆದರೆ ಮಣ್ಣು ಕಲಸೋಕೆ, ತಮಟೆ ಬಡಿಯೋಕೆ ಇಂಗ್ಲಿಷ್ ಬೇಕಾ? ಅಲ್ಲಿ ಆ ಹುಡುಗನೇ ಎಷ್ಟೋ ಸಲ ಮುಂದಿರ್ತಾನೆ. ಡೊಳ್ಳು ಕುಣಿತ ನೋಡಿ ಬೆಳೆದವನು ಅವನು. ನಗರದ ಹುಡುಗ ಅವನ ಹತ್ತಿರ ಬಂದು "ನನಗೂ ಹೇಳಿಕೊಡೋ" ಅಂತಾನೆ. ಪಾಠ ಶುರುವಾಗುವ ಮೊದಲೇ ಒಬ್ಬ ಗೆಳೆಯ ಸಿಕ್ಕಿಬಿಟ್ಟ. ಮೊದಲ ಇಂಟರ್ನಲ್ಸ್‌ನಲ್ಲಿ ಕಡಿಮೆ ಅಂಕ ಬಂದಾಗ ಹಾಸ್ಟೆಲ್‌ನಲ್ಲಿ ಒಬ್ಬನೇ ಅಳೋದಕ್ಕೂ ಪಕ್ಕದಲ್ಲಿ ಒಬ್ಬ ಗೆಳೆಯ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಹೆತ್ತವರಿಗೆ ನಾನು ಹೇಳಬೇಕಿಲ್ಲ.

ಸರಿ, ತಯಾರಿ ಹೇಗೆ? ಮೊದಲನೆಯದು, ಕಾಲೇಜಿಗೆ ಫೋನ್ ಮಾಡಿ ಇಂಡಕ್ಷನ್ ಯಾವತ್ತು ಶುರು, ದಿನದ ವೇಳಾಪಟ್ಟಿ ಏನು ಅಂತ ಕೇಳಿ. ಹಾಸ್ಟೆಲ್, ಪಿಜಿ ವ್ಯವಸ್ಥೆ ಅದಕ್ಕೆ ಮೊದಲೇ ಆಗಲಿ. ಎರಡನೇ, ಮೂರನೇ ಸುತ್ತಿನಲ್ಲಿ ಸೀಟು ಸಿಕ್ಕವರು ತಡವಾಗಿ ಬರ್ತಾರೆ, ಅಷ್ಟರಲ್ಲಿ ಅರ್ಧ ಮುಗಿದಿರುತ್ತೆ. ಹಾಗಾದರೆ ಸುಮ್ಮನಿರಬೇಡಿ. "ನಮ್ಮ ಮಗುವಿಗೆ ಇದನ್ನು ಯಾವಾಗ ಮಾಡಿಸ್ತೀರಿ" ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ಎರಡನೆಯದು, ಯಾವ ಕಲೆ ಅನ್ನೋದನ್ನು ಮಗುವೇ ಆರಿಸಲಿ. ಮಕ್ಕಳಿಗೂ ಒಂದು ಮಾತು: ಹತ್ತು ವರ್ಷ ಸಂಗೀತ ಕಲಿತವರು ಮತ್ತೆ ಸಂಗೀತಕ್ಕೇ ಹೋಗಿ ಮೆರೆಯೋದರಲ್ಲಿ ಏನು ಲಾಭ? ಗೊತ್ತಿಲ್ಲದ್ದನ್ನು ಹಿಡಿಯಿರಿ. "ನನಗೆ ಏನೂ ಬರಲ್ಲ" ಅನ್ನೋರಂತೂ ಹೆದರಲೇಬೇಡಿ. ಈ ಪಾಠ ಇರೋದೇ ನಿಮಗೋಸ್ಕರ.

ಮೂರನೆಯದು, ಅಂಗಡಿಗೆ ಓಡಬೇಡಿ. ಹತ್ತು ಸಾವಿರದ ಗಿಟಾರ್, ದುಬಾರಿ ಬಣ್ಣದ ಸೆಟ್ ಏನೂ ಬೇಡ. ಕಲಿಸೋರು ಏನು ತರಬೇಕು ಅಂತ ಹೇಳುವವರೆಗೆ ಕಾಯಿರಿ. ಗೆರೆ ಇಲ್ಲದ ಒಂದು ನೋಟ್‌ಬುಕ್, ಎರಡು ಪೆನ್ಸಿಲ್, ಮಣ್ಣು, ಬಣ್ಣ ಮೆತ್ತಿಕೊಂಡರೂ ಬೇಜಾರಾಗದ ಎರಡು ಜೊತೆ ಹಳೆ ಬಟ್ಟೆ ಸಾಕು. ಹೊರಡುವ ಮೊದಲು ಅಜ್ಜಿಯ ಹತ್ತಿರ ಕೂತು ಒಂದು ಸೋಬಾನೆ ಪದವನ್ನೋ ಒಂದು ಕಥೆಯನ್ನೋ ಕೇಳಿಕೊಂಡು ಹೋಗಲಿ. ನಾಟಕಕ್ಕೆ, ಹಾಡಿಗೆ ಅದು ಎಲ್ಲಿ ಕೆಲಸಕ್ಕೆ ಬರುತ್ತೋ ಯಾರಿಗೆ ಗೊತ್ತು!

ನಾಲ್ಕನೆಯದು ಹೆತ್ತವರಿಗೆ. ಇದೇ ಮೂರು ವಾರಕ್ಕೆ ಕೋಡಿಂಗ್ ಕ್ಲಾಸ್ ಸೇರಿಸಬೇಡಿ. ರಾತ್ರಿ ಫೋನ್ ಮಾಡಿ "ಪಾಠ ಶುರುವಾಯ್ತಾ" ಅಂತ ಕೇಳಬೇಡಿ. "ಇವತ್ತು ಏನು ಮಾಡಿದೆ, ಯಾರ ಜೊತೆ ಮಾಡಿದೆ" ಅಂತ ಕೇಳಿ.

ಇನ್ನು ಕಾಲೇಜುಗಳಿಗೆ. ಒಂದು ದಿನ ದೀಪ ಬೆಳಗಿಸಿ, ಎರಡು ದಿನ ಗಣ್ಯರಿಂದ ಭಾಷಣ ಮಾಡಿಸಿ, ಫೋಟೋ ತೆಗೆದು ವರದಿ ಕಳಿಸಿದರೆ ಇಂಡಕ್ಷನ್ ಆಗಲ್ಲ. ಸುಮಾರು 20 ವಿದ್ಯಾರ್ಥಿಗಳ ಗುಂಪಿಗೆ ಒಬ್ಬ ಅಧ್ಯಾಪಕರು ಮಾರ್ಗದರ್ಶಕರಾಗಿ ಇರಬೇಕು, ಆ ನಂಟು ಪದವಿ ಮುಗಿಯುವವರೆಗೂ ಮುಂದುವರಿಯಬೇಕು ಅನ್ನೋದು ಎಐಸಿಟಿಇ ಆಶಯ. ಕಲಿಸೋರು ಸಿಗಲ್ಲ ಅಂತ ಸಬೂಬು ಹೇಳಬೇಡಿ. ಸ್ಥಳೀಯ ಕಲಾವಿದರನ್ನು ಕ್ಯಾಂಪಸ್ಸಿಗೆ ಕರೆಸಿ ಅಂತ ಯುಜಿಸಿಯೇ ಮಾರ್ಗಸೂಚಿ ಕೊಟ್ಟಿದೆ. ಬೀದರಿನಲ್ಲಿ ಬಿದ್ರಿ ಕೆಲಸದವರಿದ್ದಾರೆ, ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡೋರಿದ್ದಾರೆ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆಯವರು, ಕರಾವಳಿಯಲ್ಲಿ ಯಕ್ಷಗಾನದವರು. ಗೌರವಧನ ಕೊಟ್ಟು, ಮರ್ಯಾದೆಯಿಂದ ಕರೀರಿ. ಬಿದ್ರಿ ಕೆಲಸಕ್ಕಿಂತ ಒಳ್ಳೆಯ ಲೋಹಶಾಸ್ತ್ರದ ಪಾಠ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇನ್ನೆಲ್ಲಿ ಸಿಗುತ್ತೆ?

ನಾಲ್ಕು ವರ್ಷದ ಓದು, ಲಕ್ಷಗಟ್ಟಲೆ ಫೀಸು, ಕೆಲವರಿಗೆ ಬ್ಯಾಂಕ್ ಸಾಲ. ಇಷ್ಟೆಲ್ಲದರ ನಡುವೆ ಅಂಕದ ಹಂಗಿಲ್ಲದೆ ಕಲಿಯೋಕೆ ನಿಮ್ಮ ಮಕ್ಕಳಿಗೆ ಸಿಗೋದು ಮೂರೇ ವಾರ. ಅದನ್ನು ರಜೆ ಅಂದುಕೊಂಡು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹಳೆ ಬಟ್ಟೆ ಕೊಟ್ಟು ಕಳಿಸಿ.